ಹದಿನೈದು ಡಿಗ್ರಿ ಒಳಕ್ಕೆ

ದಿನಕ್ಕೆ ಅರವತ್ತು ಸಲ "ಅಲುಗಾಡ್ಬೇಡಿ" ಅನ್ನುವುದು ಅವಳ ಕೆಲಸದ ಭಾಗ. ಇಪ್ಪತ್ತಾರು ವರ್ಷ ಎಕ್ಸ್‌ರೇ ಕೋಣೆಯಲ್ಲಿ ಹಾಗೆ ಅಂದೂ ಅಂದೂ ಆಸ್ಪತ್ರೆಯವರ ಬಾಯಲ್ಲಿ ಅವಳು "ಅಲುಗಾಡ್ಬೇಡಿ ಅಕ್ಕ" ಆಗಿದ್ದಳು. ಅವಸರವಿದ್ದವರು ಬರೀ ಅಕ್ಕ ಅನ್ನುತ್ತಿದ್ದರು. ಉಸಿರು ಹಿಡಿಯಿರಿ ಅಂದರೆ ಹಿಡಿಯಬೇಕು, ಗದ್ದ ಎತ್ತಿ ಅಂದರೆ ಎತ್ತಬೇಕು. ಅವಳು ತೆಗೆದ ಚಿತ್ರವನ್ನು ಸರಿಯಿಲ್ಲವೆಂದು ಡಾಕ್ಟರು ವಾಪಸು ಕಳಿಸುವುದು ವರ್ಷಕ್ಕೆ ಒಂದೋ ಎರಡೋ ಸಲ. ಅದರ ಬಗ್ಗೆ ಅವಳಿಗೆ ಹೆಮ್ಮೆಯಿತ್ತು, ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಇರಲಿಲ್ಲ.

ಆ ಸೋಮವಾರ ಹನ್ನೊಂದು ಗಂಟೆಗೆ ಒಳಗೆ ಬಂದವನನ್ನು ಅವಳು ಮುಖ ನೋಡಿ ಗುರುತಿಸಲಿಲ್ಲ, ನಡಿಗೆ ನೋಡಿ ಗುರುತಿಸಿದಳು. ಎಡಪಾದ ಹೊರಕ್ಕೆ ತಿರುಗಿತ್ತು, ಪ್ರತಿ ಹೆಜ್ಜೆಗೂ ಸೊಂಟ ಒಂದು ಕಡೆ ಬೀಳುತ್ತಿತ್ತು. ಈ ನಡಿಗೆಯನ್ನು ಅವಳು ತನ್ನ ಅಡುಗೆಮನೆಯಲ್ಲೇ ಎಷ್ಟೋ ಸಲ ನೋಡಿದ್ದಳು. ಅವಳ ಗಂಡ ಇದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಭಾನುವಾರ ಬಂತೆಂದರೆ ಫುಟ್‌ಬಾಲ್ ಮೈದಾನದ ಮೆಟ್ಟಿಲ ಮೇಲೆ ಕೂತು ಗಂಟಲು ಹರಿದುಕೊಂಡು, ಸಂಜೆ ಮನೆಗೆ ಬಂದು ರೆಫರಿಯ ಕುಂಟು ನಡಿಗೆಯನ್ನು ನಡೆದು ತೋರಿಸುವವನು.

"ಚೆಂಡು ಗೋಲಿನ ಬಾಯಲ್ಲಿದೆ, ಇವನು ಇನ್ನೂ ನಡುಗೆರೆ ದಾಟಿಲ್ಲ. ಅಲ್ಲಿಂದಾನೇ ಸೀಟಿ ಊದಿದ ನೋಡು! ಇಡೀ ಮೈದಾನ 'ಕುಂಟ, ಕುಂಟ' ಅಂತ ಕೂಗ್ತು" ಎಂದು ಹಿಂದಿನ ದಿನ ತಾನೇ ಹೇಳಿದ್ದ.

"ನೀವೂ ಕೂಗಿದ್ರಾ?"

"ಶುರು ಮಾಡಿದ್ದೇ ನಾನು!"

ಆ ರೆಫರಿ ಈಗ ಅವಳ ಮೇಜಿನ ಮುಂದೆ ನಿಂತಿದ್ದ. ನಲವತ್ತನಾಲ್ಕು ವಯಸ್ಸು, ತೆಳ್ಳನೆ ಮೈ, ಕತ್ತಿನಲ್ಲಿ ದಾರ ಕಟ್ಟಿದ ಸೀಟಿ. ಹಿಂದೆ ಕೈಯಲ್ಲಿ ಹಳೆಯ ಎಕ್ಸ್‌ರೇ ಲಕೋಟೆ ಹಿಡಿದ ಹೆಂಡತಿ.

"ಆಸ್ಪತ್ರೆಗೂ ಸೀಟಿ ಕಟ್ಕೊಂಡು ಬರ್ತಾರೆ" ಎಂದಳು ಆಕೆ, ಯಾರೂ ಕೇಳದಿದ್ದರೂ. "ಡಾಕ್ಟ್ರು ಸುಳ್ಳು ಹೇಳಿದ್ರೆ ಊದೋಕಿರಬೇಕು."

ಅಕ್ಕ ಚೀಟಿ ನೋಡಿದಳು. ಎರಡು ತಿಂಗಳ ಹಿಂದೆ ಬಂದ ಹೊಸ ಮೂಳೆ ಡಾಕ್ಟರ ಕೈಬರಹ: ಎರಡೂ ಪಾದದ ಗಂಟು, ನಿಂತ ಭಂಗಿ, ಹದಿನೈದು ಡಿಗ್ರಿ ಒಳಕ್ಕೆ ತಿರುಗಿಸಿ. ಕೊನೆಯ ಮಾತಿನ ಕೆಳಗೆ ಎರಡು ಗೆರೆ. ಹಿಂದಿನದೂ ಇರಲಿ ಎಂದು ಲಕೋಟೆಯಿಂದ ಹಳೆಯ ಚಿತ್ರ ತೆಗೆದು ದೀಪದ ಹಲಗೆಗೆ ಸಿಕ್ಕಿಸಿದಳು.

ಒಂದು ಹೆಜ್ಜೆ ಹತ್ತಿರ ಹೋಗಿ ಮತ್ತೆ ನೋಡಿದಳು.

ಚಿತ್ರದ ಮೂಲೆಯಲ್ಲಿ ಎಡಗಾಲೆಂದು ತೋರಿಸುವ ಸೀಸದ ಅಕ್ಷರದ ನೆರಳಿತ್ತು. ಅಕ್ಷರದ ಒಂದು ತುದಿ ಮುರಿದಿತ್ತು. ಪ್ರತಿ ತಂತ್ರಜ್ಞರಿಗೂ ತಮ್ಮದೇ ಅಕ್ಷರಗಳಿರುತ್ತವೆ. ತುದಿ ಮುರಿದದ್ದು ಇಡೀ ವಿಭಾಗದಲ್ಲಿ ಒಂದೇ. ಅದು ಈಗಲೂ ಅವಳ ಜೇಬಿನಲ್ಲಿತ್ತು.

ಚಿತ್ರದಲ್ಲಿ ಪಾದ ನೇರ ಮೇಲಕ್ಕೆ ನೋಡುತ್ತಿತ್ತು. ಒಳಕ್ಕೆ ತಿರುಗಿರಲೇ ಇಲ್ಲ.

ಕಾಲಿನಲ್ಲಿ ಎರಡು ಮೂಳೆ. ಒಳಗಡೆಯದು ದಪ್ಪ, ಹೊರಗಡೆಯದು ಸಣ್ಣದು. ಎರಡರ ತುದಿಯೂ ಕೆಳಗೆ ಬಂದು, ಬಾಗಿಲ ಚೌಕಟ್ಟಿನಂತೆ ಪಾದದ ಮೇಲಿನ ಮೂಳೆಯನ್ನು ಇಕ್ಕೆಲದಲ್ಲಿ ಹಿಡಿದುಕೊಂಡಿರುತ್ತವೆ. ಸಣ್ಣ ಮೂಳೆ ಸ್ವಲ್ಪ ಹಿಂದಕ್ಕೆ ನಿಂತಿರುವುದರಿಂದ, ಎದುರಿಂದ ನೇರವಾಗಿ ಚಿತ್ರ ತೆಗೆದರೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ನಡುವಿನ ಸಂದು ಮುಚ್ಚಿಹೋಗುತ್ತದೆ. ಕಾಲನ್ನು ಹದಿನೈದು ಡಿಗ್ರಿ ಒಳಕ್ಕೆ ತಿರುಗಿಸಿದರೆ ಚೌಕಟ್ಟು ಪೂರ್ತಿ ತೆರೆದುಕೊಂಡು, ಒಂದು ಮಿಲಿಮೀಟರ್ ಆಚೀಚೆಯಾದರೂ ಕಾಣುತ್ತದೆ. ಇದು ಅವಳಿಗೆ ಕಲಿಕೆಯ ಮೊದಲ ವರ್ಷದಿಂದ ಗೊತ್ತು.

ಆ ದಿನವೂ ನೆನಪಾಯಿತು. ಹದಿನಾಲ್ಕು ತಿಂಗಳ ಹಿಂದೆ ಪ್ಲಾಸ್ಟರ್ ಬಿಚ್ಚಿದ ಮಧ್ಯಾಹ್ನ. ಪಾದ ತಿರುಗಿಸಲು ಹೋದಾಗ ಇವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಆದರೂ "ಏನೂ ಆಗಿಲ್ಲ, ತೆಗೀರಿ" ಅಂದಿದ್ದ. ಹೊರಗೆ ಹದಿನೆಂಟು ಜನ ಕಾಯುತ್ತಿದ್ದರು. ಅವಳಿಗೆ ಅಯ್ಯೋ ಅನ್ನಿಸಿತ್ತು. ಪಾದವನ್ನು ಇದ್ದ ಹಾಗೇ ಬಿಟ್ಟು ಗುಂಡಿ ಒತ್ತಿದ್ದಳು. ಆಗಿನ ಡಾಕ್ಟರು ಚಿತ್ರ ನೋಡಿ "ಮೂಳೆ ಕೂಡಿದೆ" ಅಂದು ಕಳಿಸಿದ್ದರು. ಕೂಡಿದ್ದೇನೋ ನಿಜ. ಹೇಗೆ ಕೂಡಿದೆ ಎಂದು ತೋರಿಸಬೇಕಾಗಿದ್ದವಳು ಅವಳು.

"ಹಲಗೆ ಮೇಲೆ ಹತ್ತಿ ನಿಲ್ಲಿ ಸರ್" ಎಂದಳು. "ಮೈಭಾರ ಎರಡೂ ಕಾಲ ಮೇಲೆ ಸಮ ಇರಲಿ. ಹಾಂ. ಅಲುಗಾಡ್ಬೇಡಿ."

ಈ ಸಲ ಅವಳು ಕೋನಮಾಪಕ ಇಟ್ಟು ಅಳೆದಳು.

ಬಲಗಾಲಿನ ಚಿತ್ರದಲ್ಲಿ ಪಾದದ ಮೂಳೆಯ ಮೂರೂ ಬದಿಗೆ ಒಂದೇ ಅಗಲದ ಕಪ್ಪು ಗೆರೆ, ಮೂರೂವರೆ ಮಿಲಿಮೀಟರ್. ಎಡಗಾಲಿನದರಲ್ಲಿ ಒಳಸಂದು ಆರೂವರೆ. ಸಣ್ಣ ಮೂಳೆ ಗಿಡ್ಡವಾಗಿ ಹೊರಕ್ಕೆ ಹೊರಳಿ ಕೂಡಿಕೊಂಡಿತ್ತು. ಹಿಡಿತ ತಪ್ಪಿದ ಪಾದದ ಮೂಳೆ ಅದರ ಬೆನ್ನಿಗೇ ಹೊರಕ್ಕೆ ವಾಲಿತ್ತು.

ಸಾಮಾನ್ಯವಾಗಿ ಚಿತ್ರಗಳನ್ನು ಒಯ್ಯಲು ಆಯಾ ಇದ್ದಳು. ಅಂದು ಅಕ್ಕ ತಾನೇ ಹಳೆಯದನ್ನೂ ಹೊಸದನ್ನೂ ಹಿಡಿದು ಡಾಕ್ಟರ ಕೋಣೆಗೆ ನಡೆದಳು. ರೆಫರಿ ಮತ್ತು ಅವನ ಹೆಂಡತಿ ಆಗಲೇ ಅಲ್ಲಿ ಕೂತಿದ್ದರು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಅಳತೆಪಟ್ಟಿ.

ಅವರು ಎರಡೂ ಕಾಲಿನ ಚಿತ್ರಗಳನ್ನು ಅಳೆದು ಹೇಳಿದರು. "ಹೊರಮೂಳೆ ನಾಲ್ಕು ಮಿಲಿಮೀಟರ್ ಗಿಡ್ಡ ಆಗಿದೆ. ನೋವು ಅದಕ್ಕೇ. ಎಡವಟ್ಟು ಹಿಡಿತದಲ್ಲಿ ಕೀಲು ಸವೀತಾ ಇರುತ್ತೆ."

"ಬೇರೆ ಆಸ್ಪತ್ರೇಲಿ ಕೀಲನ್ನೇ ಬೆಸೆದುಬಿಡ್ತೀವಿ ಅಂದ್ರು" ಎಂದ ರೆಫರಿ. "ನಡೀಬಹುದಂತೆ. ಓಡೋಕಾಗಲ್ಲ ಅಂತೆ."

"ಓಡೋದನ್ನ ಬಿಟ್ಟು ಬೇರೇನೂ ಬರಲ್ಲ ಇವರಿಗೆ" ಎಂದಳು ಹೆಂಡತಿ. ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ಇನ್ನೊಂದು ದಾರಿ ಇದೆ" ಎಂದರು ಡಾಕ್ಟರು. "ಕೂಡಿರೋ ಮೂಳೇನ ಮತ್ತೆ ಕತ್ತರಿಸಿ, ಎಳೆದು ಉದ್ದ ಮಾಡಿ, ಸರಿಯಾಗಿ ತಿರುಗಿಸಿ, ಲೋಹದ ಪಟ್ಟಿ ಹಾಕಿ ಬಿಗಿಯೋದು. ಆದ್ರೆ ಕೀಲಿನ ಒಳಗೆ ಮೂಳೆಗಳ ತುದಿಗಿರೋ ನುಣುಪು ಪದರ ಉಳಿದಿರಬೇಕು. ತೆರೆದು ನೋಡ್ತೀನಿ. ಉಳಿದಿದ್ರೆ ಸರಿ ಮಾಡ್ತೀನಿ, ಸವೆದುಹೋಗಿದ್ರೆ ಅಲ್ಲೇ ಬೆಸೀತೀನಿ. ಎರಡಕ್ಕೂ ಒಪ್ಪಿ ಸಹಿ ಹಾಕ್ಬೇಕು."

ರೆಫರಿ ತಲೆಯಾಡಿಸಿದ. ಎಲ್ಲರೂ ಏಳುವ ಹೊತ್ತಿಗೆ ಅಕ್ಕ ಹಳೆಯ ಚಿತ್ರವನ್ನು ಮೇಜಿನ ಮೇಲಿಟ್ಟಳು.

"ಒಂದು ನಿಮಿಷ. ಇದನ್ನ ತೆಗೆದವಳು ನಾನು. ಪಾದ ತಿರುಗಿಸದೆ ತೆಗೆದೆ. ಅವತ್ತೇ ಸರಿಯಾಗಿ ತೆಗೆದಿದ್ರೆ ಅವತ್ತೇ ಗೊತ್ತಾಗ್ತಿತ್ತು. ತಪ್ಪು ನಂದು ಸರ್."

ರೆಫರಿ ಅವಳನ್ನೇ ನೋಡಿದ. ಮೈದಾನದಲ್ಲಿ ತಪ್ಪು ಮಾಡಿದವರನ್ನು ಹೀಗೇ ನೋಡುತ್ತಾನೇನೋ.

"ಇಪ್ಪತ್ತೆರಡು ವರ್ಷ ಆಟ ಆಡಿಸಿದೀನಿ" ಎಂದ ಕೊನೆಗೆ. "ಒಬ್ಬನಾದ್ರೂ ತಾನಾಗಿ ಬಂದು ಫೌಲ್ ಮಾಡಿದ್ದು ನಾನೇ ಅಂದಿಲ್ಲ. ನೀವೇ ಮೊದಲು."

"ಹಾಗಾದ್ರೆ ನಿಮ್ದೂ ಹೇಳಿ" ಎಂದಳು ಹೆಂಡತಿ. "ಮೂರನೇ ವಾರ ಪ್ಲಾಸ್ಟರ್ ಹಾಕ್ಕೊಂಡೇ ಎಲ್ಲಿಗೆ ಹೋಗಿದ್ರಿ ಅಂತ ಡಾಕ್ಟ್ರಿಗೆ ಹೇಳಿ."

ರೆಫರಿ ಕಿವಿ ಕೆರೆದುಕೊಂಡ. ಲೈನ್ಸ್‌ಮನ್ ಒಬ್ಬ ಬಂದಿರಲಿಲ್ಲವಂತೆ. ಬಾವುಟ ಹಿಡಿದು ಒಂದೂವರೆ ಗಂಟೆ ಗೆರೆಯ ಮೇಲೆ ನಿಂತಿದ್ದನಂತೆ. ಮುರಿದ ದಿನವೂ ಅಷ್ಟೇ. ಗುಂಡಿಗೆ ಕಾಲಿಟ್ಟು ಗಿಣ್ಣು ಲಟಕ್ಕೆಂದ ಮೇಲೂ ಇನ್ನೂ ಇಪ್ಪತ್ತು ನಿಮಿಷ ಓಡಿ ಆಟ ಮುಗಿಸಿದ್ದ. ಬಿದ್ದು ಹೊರಳಾಡುವ ಆಟಗಾರರಿಗೆಲ್ಲ "ಏನೂ ಆಗಿಲ್ಲ, ಆಟ ಮುಂದುವರಿಸು" ಎಂದು ಹೇಳಿಕೊಂಡು ಬಂದವನು, ತಾನು ಹೇಗೆ ಕೂತಾನು?

"ಸರಿ, ನಂಗೂ ಒಂದು ಹಳದಿ ಕಾರ್ಡ್ ಹಾಕ್ಕೊಳ್ಳಿ" ಎಂದ.

ಡಾಕ್ಟರು ಮೊದಲ ಬಾರಿಗೆ ನಕ್ಕರು. ಆಮೇಲೆ ಅಕ್ಕನತ್ತ ತಿರುಗಿದರು. "ಆಪರೇಷನ್ ಥಿಯೇಟರ್‌ನಲ್ಲಿ ಎಕ್ಸ್‌ರೇ ಯಂತ್ರ ನಡೆಸೋಕೆ ನೀವೇ ಬನ್ನಿ ಅಕ್ಕ."

ಒಂಬತ್ತು ದಿನ ಕಳೆದ ಮೇಲೆ, ಬುಧವಾರ ಬೆಳಿಗ್ಗೆ ಎಂಟೂವರೆಗೆ ಶಸ್ತ್ರಚಿಕಿತ್ಸೆ. ಅಕ್ಕ ಐದು ಕೆಜಿ ಸೀಸದ ಏಪ್ರನ್ ಹೊತ್ತು, ಕಮಾನಿನಾಕಾರದ ಯಂತ್ರವನ್ನು ಮೇಜಿನ ಎಡಕ್ಕೆ ತಂದು ನಿಲ್ಲಿಸಿದಳು. ಆರೋಗ್ಯವಾಗಿದ್ದ ಬಲಗಾಲಿನ ಚಿತ್ರವನ್ನು ಪಕ್ಕದ ಪರದೆಗೆ ಹಾಕಿದಳು. ಇವತ್ತು ಎಡಗಾಲು ಅದರ ಕನ್ನಡಿಬಿಂಬ ಆಗಬೇಕು. ರೆಫರಿಗೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಅಡ್ಡ ಕಟ್ಟಿದ ಹಸಿರು ಬಟ್ಟೆಯ ಆಚೆಯಿಂದ ಅವನ ಮಾತು ಕೇಳುತ್ತಿತ್ತು.

"ಆಟ ಶುರುವಾಯ್ತಾ?"

"ಆಯ್ತು. ಬಾಯಿ ಮುಚ್ಕೊಂಡು ಮಲಗಿ" ಎಂದರು ಅರಿವಳಿಕೆ ಡಾಕ್ಟರು.

ರಕ್ತ ಹರಿಯದಂತೆ ತೊಡೆಗೆ ಕಟ್ಟಿದ ಪಟ್ಟಿಯ ಗಡಿಯಾರ ಓಡತೊಡಗಿತು. ಅದಕ್ಕೆ ಎರಡು ಗಂಟೆಯ ಮಿತಿ. ಡಾಕ್ಟರು ಮೊದಲು ಕೀಲಿನ ಒಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಅಕ್ಕ ಉಸಿರು ಹಿಡಿದಳು, ಈ ಸಲ ಯಾರೂ ಹಿಡಿಯಲು ಹೇಳಿರಲಿಲ್ಲ.

"ಹೊರ ಅಂಚಲ್ಲಿ ಕಿರುಬೆರಳಿನ ಉಗುರಷ್ಟು ಸವೆದಿದೆ" ಎಂದರು ಡಾಕ್ಟರು. "ಉಳಿದದ್ದೆಲ್ಲ ಹೊಳೀತಾ ಇದೆ. ಬೆಸೆಯಲ್ಲ. ಸರಿ ಮಾಡೋಣ."

ಬಟ್ಟೆಯ ಆಚೆ ಯಾರೋ ಮೂಗು ಎಳೆದುಕೊಂಡ ಸದ್ದಾಯಿತು.

ಒಳಸಂದಿನಲ್ಲಿ ತುಂಬಿಕೊಂಡಿದ್ದ ಗಟ್ಟಿ ನಾರನ್ನು ಮೊದಲು ಬಿಡಿಸಿ ತೆಗೆದರು. ಅದು ಅಲ್ಲಿರುವ ತನಕ ಪಾದದ ಮೂಳೆ ತನ್ನ ಜಾಗಕ್ಕೆ ವಾಪಸು ಬರುವಂತಿರಲಿಲ್ಲ. ಆಮೇಲೆ ಸಣ್ಣ ಗರಗಸದಿಂದ ಹೊರಮೂಳೆಯನ್ನು ಹಳೆಯ ಮುರಿತದ ಜಾಗದಲ್ಲೇ ಓರೆಯಾಗಿ ಕತ್ತರಿಸಿ, ಕೆಳತುಂಡಿಗೆ ಲೋಹದ ಪಟ್ಟಿ ಬಿಗಿದು, ಪಟ್ಟಿಯ ಮೇಲ್ತುದಿಗೂ ಅದರ ಮೇಲೆ ಹಾಕಿದ ಒಂಟಿ ಸ್ಕ್ರೂಗೂ ನಡುವೆ ಅಗಲಿಸುವ ಇಕ್ಕಳ ಇಟ್ಟರು. ಇಕ್ಕಳ ಅಗಲಿದಷ್ಟೂ ಕೆಳತುಂಡು ಕೆಳಕ್ಕೆ ಇಳಿಯುತ್ತದೆ.

"ಅಕ್ಕ, ಚಿತ್ರ."

"ಒಂದೂವರೆ ಮಿಲಿಮೀಟರ್ ಇಳಿದಿದೆ."

"ಚಿತ್ರ."

"ಎರಡೂವರೆ."

ಪರದೆಯ ಮೇಲೆ ಪಾದದ ಮೂಳೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒಳಕ್ಕೆ ಸರಿಯುತ್ತಿತ್ತು. ಹದಿನಾಲ್ಕು ತಿಂಗಳು ದಾರಿ ತಪ್ಪಿದ್ದ ಮೂಳೆ ಮನೆಯ ಬೀದಿಗೆ ಬಂದಿತ್ತು.

"ಚಿತ್ರ."

ಗುಂಡಿ ಒತ್ತಿದಳು. ಸಂದು ಎಲ್ಲ ಕಡೆ ಒಂದೇ ಅಗಲ ಕಂಡಿತು. ಸಹಾಯಕ ಡಾಕ್ಟರ್ "ಕೂತುಬಿಡ್ತು!" ಎಂದ. ಡಾಕ್ಟರು ತೊಡೆಯ ಗಡಿಯಾರ ನೋಡಿದರು, ಎಂಬತ್ತೆಂಟು ನಿಮಿಷ. "ಚೆನ್ನಾಗಿದೆ. ಸ್ಕ್ರೂ ಕೊಡಿ" ಎಂದರು.

ಅಕ್ಕ ಪರದೆಯನ್ನು ಮತ್ತೆ ನೋಡಿದಳು. ಚಿತ್ರ ಚೆಂದವಾಗಿತ್ತು, ಸ್ವಲ್ಪ ಹೆಚ್ಚೇ ಚೆಂದವಾಗಿತ್ತು. ಸಣ್ಣ ಮೂಳೆಯ ನೆರಳು ದೊಡ್ಡದರ ಮೇಲೆ ಹಿಂದಿನ ಚಿತ್ರಗಳಿಗಿಂತ ಒಂದಿಷ್ಟು ಜಾಸ್ತಿ ಬಿದ್ದಿತ್ತು.

"ಬೇಡ ಡಾಕ್ಟ್ರೇ" ಎಂದಳು. "ಪಾದ ಹೊರಳಿದೆ. ಇದು ಹದಿನೈದಲ್ಲ, ಹತ್ತೂ ಇಲ್ಲ."

"ಹಿಡ್ಕೊಂಡೇ ಇದೀನಲ್ಲ ಅಕ್ಕ" ಎಂದ ಸಹಾಯಕ.

"ಹಿಡ್ಕೊಂಡೇ ಹೊರಳ್ಸಿದೀಯಪ್ಪ. ನಿನ್ನ ಕೈ ಸೋತಿದೆ."

ಸ್ಕ್ರೂ ಹಿಡಿದ ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು, ಅವುಗಳಲ್ಲಿ ಖುಷಿಯೇನೂ ಇರಲಿಲ್ಲ. "ಸಮಯ ಕಮ್ಮಿ ಇದೆ ಅಕ್ಕ. ಖಾತ್ರಿನಾ?"

ಹಿಂದೊಮ್ಮೆ ಇಂಥದೇ ಘಳಿಗೆಯಲ್ಲಿ, ಹೊರಗೆ ಹದಿನೆಂಟು ಜನ ಕಾಯುತ್ತಿದ್ದಾಗ, ಅವಳು ಹೋಗಲಿ ಬಿಡು ಅಂದುಕೊಂಡಿದ್ದಳು.

"ಖಾತ್ರಿ. ಮತ್ತೆ ತೆಗೀತೀನಿ. ಯಾರೂ ಅಲುಗಾಡ್ಬೇಡಿ."

ಯಾರೂ ಅಲುಗಾಡಲಿಲ್ಲ. ಪಾದವನ್ನು ಸರಿಯಾದ ಕೋನಕ್ಕೆ ತಿರುಗಿಸಲು ಹೇಳಿ, ಗುಂಡಿ ಒತ್ತಿದಳು. ಹೊಸ ಚಿತ್ರ ಬಂತು. ಪಕ್ಕದ ಪರದೆಯ ಬಲಗಾಲಿನಲ್ಲಿ ಹೊರಮೂಳೆಯ ತುದಿಯಿಂದ ಪಾದದ ಮೂಳೆಯವರೆಗೆ ಒಂದು ದುಂಡು ನಾಣ್ಯ ಕೂರಿಸಬಹುದಾದಂಥ ಮುರಿಯದ ಬಾಗು ಇತ್ತು. ಎಡಗಾಲಿನಲ್ಲಿ ಆ ಬಾಗು ನಡುವೆ ಮೆಟ್ಟಿಲು ಹಾಕಿತ್ತು. ಇನ್ನೂ ಒಂದು ಮಿಲಿಮೀಟರ್ ಗಿಡ್ಡ, ಕೊಂಚ ಹೊರಕ್ಕೆ ತಿರುವು.

ಡಾಕ್ಟರು ಸ್ಕ್ರೂವನ್ನು ಟ್ರೇಗೆ ವಾಪಸು ಹಾಕಿದರು. ಇಕ್ಕಳವನ್ನು ಮತ್ತೊಂದು ಹಲ್ಲು ಅಗಲಿಸಿ, ಕೆಳತುಂಡನ್ನು ಒಳಕ್ಕೆ ಹೊರಳಿಸಿದರು.

"ಚಿತ್ರ."

ಬಾಗು ಕೂಡಿಕೊಂಡಿತ್ತು. ಮೆಟ್ಟಿಲಿಲ್ಲ, ಬಿರುಕಿಲ್ಲ. ಒಳಸಂದು ಮೂರೂವರೆ, ಮೇಲಿನದು ಮೂರೂವರೆ, ಹೊರಗಿನದು ಮೂರೂವರೆ. ಎರಡು ಪರದೆಗಳೂ ಕನ್ನಡಿಯ ಎದುರು ನಿಂತ ಅವಳಿಗಳಂತೆ ಒಂದನ್ನೊಂದು ನೋಡುತ್ತಿದ್ದವು. ನರ್ಸೊಬ್ಬಳು "ಅಬ್ಬಾ!" ಎಂದಳು.

"ಈಗ ಸ್ಕ್ರೂ ಕೊಡಿ" ಎಂದರು ಡಾಕ್ಟರು. ಕಣ್ಣುಗಳು ನಗುತ್ತಿದ್ದವು.

"ಸ್ಕೋರೆಷ್ಟು?" ಎಂದು ಬಟ್ಟೆಯ ಆಚೆಯಿಂದ ದನಿ ಬಂತು.

"ಗೆದ್ದಿದೀರಿ" ಎಂದಳು ಅಕ್ಕ.

ಉದ್ದ ಮಾಡಿದ್ದರಿಂದ ಬಿದ್ದ ತೆರಪಿಗೆ ಸೊಂಟದ ಮೂಳೆಯಿಂದ ತೆಗೆದ ಚೂರನ್ನು ತುಂಬಿ, ಎರಡು ಮೂಳೆಗಳನ್ನೂ ಹಿಡಿದಿಡುವ ಒಂದು ಉದ್ದ ಸ್ಕ್ರೂ ಹಾಕಿ, ನೂರ ಹತ್ತನೇ ನಿಮಿಷಕ್ಕೆ ತೊಡೆಯ ಪಟ್ಟಿ ಸಡಿಲಿಸಿದರು.

ಆರು ವಾರ ಆ ಪಾದ ನೆಲ ಮುಟ್ಟಲಿಲ್ಲ. ಮುಟ್ಟದಂತೆ ನೋಡಿಕೊಂಡವಳು ಹೆಂಡತಿ. ಬೂಟುಗಳನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ತವರಿಗೆ ಕಳಿಸಿದ್ದಾಗಿ ಅಕ್ಕನಿಗೆ ಹೇಳಿದಳು. ಏಳನೆಯ ವಾರ ತಪಾಸಣೆಯ ಚಿತ್ರಕ್ಕೆ ಬಂದಾಗ, ಅಕ್ಕ ಪಾದವನ್ನು ಒಳಕ್ಕೆ ತಿರುಗಿಸುತ್ತಿದ್ದಂತೆ ರೆಫರಿ ಹಲ್ಲು ಕಚ್ಚಿ "ಅಯ್ಯಯ್ಯೋ, ಸಾಕು ಅಕ್ಕ, ಇಷ್ಟಕ್ಕೇ ತೆಗೀರಿ" ಎಂದ.

"ಏನೂ ಆಗಿಲ್ಲ" ಎಂದಳು ಅಕ್ಕ, ಕೋನಮಾಪಕದಿಂದ ಕಣ್ಣು ಕೀಳದೆ. "ಆಟ ಮುಂದುವರಿಸಿ."

ಬಾಗಿಲ ಬಳಿ ಹೆಂಡತಿ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಳು. ಚಿತ್ರ ಸರಿಯಾಗಿ ಹದಿನೈದು ಡಿಗ್ರಿಗೆ ಬಂತು. ಬಾಗು ಹಾಗೇ ಇತ್ತು.

ನಾಲ್ಕನೆಯ ತಿಂಗಳಿಗೆ ಉದ್ದ ಸ್ಕ್ರೂ ತೆಗೆದರು. ಆರನೆಯ ತಿಂಗಳಿಗೆ ರೆಫರಿ ಆಸ್ಪತ್ರೆಯ ಮೂರು ಮಹಡಿ ಹತ್ತಿಳಿದ, ಕೈಕಂಬಿ ಮುಟ್ಟದೆ. ಹನ್ನೊಂದನೆಯ ತಿಂಗಳಿಗೆ ಓಟದ ಪರೀಕ್ಷೆಗೆ ನಿಂತ: ಎಪ್ಪತ್ತೈದು ಮೀಟರ್ ಓಟ, ಇಪ್ಪತ್ತೈದು ಮೀಟರ್ ನಡಿಗೆ, ನಲವತ್ತು ಸಲ. ಹಿಂದಿನ ವರ್ಷ ಹನ್ನೊಂದನೆಯ ಓಟಕ್ಕೆ ಕೂತುಬಿಟ್ಟಿದ್ದ. ತೀರ್ಪುಗಾರರ ಅಭಾವವಿದ್ದುದರಿಂದ ಸಂಘದವರು ಕಣ್ಣು ಮುಚ್ಚಿಕೊಂಡು ಅವನನ್ನು ಮುಂದುವರಿಸಿದ್ದರು. ಈ ಸಲ ನಲವತ್ತೂ ಮುಗಿಸಿ, ಲೆಕ್ಕ ತಪ್ಪಿರಬಹುದೆಂದು ನಲವತ್ತೊಂದನೆಯದನ್ನೂ ಓಡಿದ. ಮರುದಿನ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ರೋಗಿಯಿದ್ದದ್ದನ್ನೂ ನೋಡದೆ ಒಂದು ಸಲ ಸೀಟಿ ಊದಿ ಹೋದ.

ಆ ಭಾನುವಾರ ಅಕ್ಕ ಮೊದಲ ಸಲ ಮೈದಾನಕ್ಕೆ ಹೊರಟಳು. ಗಂಡನಿಗೆ ನಂಬಿಕೆಯೇ ಬರಲಿಲ್ಲ.

"ನಿಂಗೇನೇ ಗೊತ್ತು ಫುಟ್‌ಬಾಲು?"

"ಒಂದು ಕಾಲು ಗೊತ್ತು."

ಕಲ್ಲಿನ ಮೆಟ್ಟಿಲು ಬಿಸಿಲಿಗೆ ಕಾದಿತ್ತು. ಎರಡು ಸಾಲು ಕೆಳಗೆ ರೆಫರಿಯ ಹೆಂಡತಿ ಕೊಡೆ ಹಿಡಿದು ಕೂತಿದ್ದಳು. ಆಟ ಶುರುವಾಯಿತು. ಅಕ್ಕ ಚೆಂಡು ನೋಡಲಿಲ್ಲ, ಕಪ್ಪು ಚಡ್ಡಿಯ ಕೆಳಗಿನ ಎಡಗಾಲನ್ನು ನೋಡಿದಳು. ಪಾದ ನೇರ ಮುಂದಕ್ಕೆ ಬೀಳುತ್ತಿತ್ತು, ಸೊಂಟ ಕುಸಿಯುತ್ತಿರಲಿಲ್ಲ. ಹಿಂದಕ್ಕೆ ಓಡಿದ, ಅಡ್ಡಕ್ಕೆ ಓಡಿದ, ತಟ್ಟನೆ ನಿಂತು ತಿರುಗಿದ.

ಆಟ ಅರ್ಧಕ್ಕೆ ಬರುವ ಹೊತ್ತಿಗೆ ಎದುರಾಳಿಯ ಮುಂಪಡೆಯವನು ಚೆಂಡು ಸಿಕ್ಕಿದ್ದೇ ಬಾಣದಂತೆ ಹೊರಟ. ಊರ ತಂಡದ ಕಾವಲಿನವನು ಬೆನ್ನಟ್ಟಿದ. ಅವರಿಬ್ಬರ ಜೊತೆಗೇ, ಐದಾರು ಹೆಜ್ಜೆ ಅಂತರದಲ್ಲಿ, ರೆಫರಿಯೂ ಓಡಿದ. ಗೋಲಿನ ಎದುರು ಕಾವಲಿನವನು ಕಾಲು ಅಡ್ಡ ಕೊಟ್ಟ. ಧೂಳು ಎದ್ದಿತು. ಧೂಳು ಆರುವ ಮೊದಲೇ ಸೀಟಿ ಊದಿಯಾಗಿತ್ತು, ಕೈ ನೇರ ಪೆನಾಲ್ಟಿ ಚುಕ್ಕಿಯ ಕಡೆ ಚಾಚಿತ್ತು.

ಅಕ್ಕನ ಗಂಡ ಎದ್ದುನಿಂತ. ಕತ್ತಿನ ನರ ಉಬ್ಬಿತು.

"ಕುರುಡ! ಏ ಕುರುಡ! ಕಣ್ಣು ಮನೇಲಿಟ್ಟು ಬಂದಿದೀಯೇನೋ?"

ಇಡೀ ಮೆಟ್ಟಿಲ ಸಾಲು ಅವನ ಹಿಂದೆ ಎದ್ದಿತು. "ಕುರುಡ! ಕುರುಡ!" ಸಾವಿರ ಗಂಟಲು ಒಂದಾದವು. ಅಕ್ಕ ಕಿವಿಗೊಟ್ಟು ಕೇಳಿದಳು, ಎಡಕ್ಕೂ ಬಲಕ್ಕೂ ತಿರುಗಿ ಕೇಳಿದಳು. ಒಬ್ಬನ ಬಾಯಲ್ಲೂ 'ಕುಂಟ' ಅನ್ನುವ ಆ ಹಳೆಯ ಮಾತು ಬರಲಿಲ್ಲ.

ಕೆಳಗಿನಿಂದ ರೆಫರಿಯ ಹೆಂಡತಿ ಕೊಡೆ ಎಸೆದು ತಿರುಗಿದಳು. ಮುಖ ಅರಳಿಹೋಗಿತ್ತು. "ಕೇಳಿದ್ರಾ ಅಕ್ಕ? ಕುರುಡ ಅಂತೆ ನಮ್ಮನೆಯವ್ರು! ಕುರುಡ ಅಂತೆ!"

ಅಕ್ಕ ಎದ್ದುನಿಂತು ಚಪ್ಪಾಳೆ ಹೊಡೆದಳು. ಅಂಗೈ ಉರಿಯುವ ತನಕ ಹೊಡೆದಳು.

"ಲೇ, ನಿಂಗೆ ತಲೆ ಸರಿ ಇದೆಯಾ?" ಎಂದ ಗಂಡ. "ಪೆನಾಲ್ಟಿ ಕೊಟ್ಟಿರೋದು ನಮ್ಮ ಮೇಲೆ!"

"ಕೊಟ್ಟಿದ್ದು ತಪ್ಪಾ?"

ಅವನು ಮೈದಾನದ ಕಡೆ ನೋಡಿ ಕೂತುಕೊಂಡ.

"ಐದು ಹೆಜ್ಜೆ ದೂರದಲ್ಲಿದ್ದ" ಎಂದ ಗೊಣಗುತ್ತ. "ಕಣ್ಣಾರೆ ನೋಡಿದಾನೆ. ಹೋದ ವರ್ಷ ಆಗಿದ್ರೆ ನಡುಗೆರೆಯಲ್ಲೇ ಇರ್ತಿದ್ದ, ನಾವು ಬಚಾವಾಗ್ತಿದ್ವಿ."

"ಅಂದ್ರೆ ಸರಿನೇ?"

"ಸರಿನೇ ಮತ್ತೆ. ಅದಕ್ಕೇ ಹೊಟ್ಟೆ ಉರಿಯೋದು!" ಎಂದು ಮತ್ತೆ ಎದ್ದು, ಇನ್ನೂ ಜೋರಾಗಿ "ಕುರುಡ!" ಎಂದು ಕೂಗಿದ. ಅಕ್ಕನೂ ಅವನ ಪಕ್ಕ ನಿಂತು, ಜೀವಮಾನದಲ್ಲಿ ಮೊದಲ ಸಲ ಒಬ್ಬ ರೆಫರಿಯನ್ನು, ಹೃದಯ ತುಂಬಿ, ಕುರುಡ ಎಂದು ಕೂಗಿದಳು.